ಹಳೇ ಬಾಕಿ

ಮೂವತ್ತೊಂದು ವರ್ಷ ಗಾದಿ ಮ್ಯಾಲ ಕುಂತು
ಪರರ ತೊಗರಿ ಲೆಕ್ಕ ಬರ್ದವ ನಾನು.
ನನ್ನ ರಕ್ತದ ಚೀಟಿ ನೋಡಿ
ಸಕ್ರಿ ಸಾಲಿಗೆ ಪೆನ್ನು ಊರಿ
"ದಿನಾ ಅರ್ಧ ತಾಸು ನಡೀರಿ" ಅಂದ ಹುಡುಗ ಡಾಕ್ಟರ್.
ಅಷ್ಟೇ.
ಎಲ್ಲಿಂದ, ಹ್ಯಾಂಗ, ಯಾವ ಕಾಲು ಮೊದಲು, ಹೇಳಲಿಲ್ಲ.
ಕೇಳಲಾಕ ನನಗೂ ನಾಚಿಕಿ.

ಕೇಳೋವು ಭಾಳ ಇದ್ದವು.
ಚಾ ಕುಡುದು ಹೋಗೋದೋ, ಖಾಲಿ ಹೊಟ್ಟೀಲೋ?
ಧೋತ್ರ ನಡೀತದೋ, ಪ್ಯಾಂಟೇ ಬೇಕೋ?
ಬೂಟು ಕಚ್ಚಿದ್ರ ತಪ್ಪು ಬೂಟಿಂದೋ ಬೆರಳಿಂದೋ?
ಎಡ ಮೊಣಕಾಲು ಕಟ್ ಅಂತದ,
ಅದು ಮುರಿಯೋ ಸಪ್ಪಳೋ, ತುಕ್ಕು ಬಿಡೋ ಸಪ್ಪಳೋ?
ಎದಿ ಹೊಡ್ಕೋತದಲ್ಲ, ಎಷ್ಟು ಹೊಡ್ಕೊಂಡ್ರ ಸರಿ?
ಐವತ್ತಾರಕ್ಕ ಶುರು ಮಾಡಿದ್ದು
ಜಮಾ ಆಗ್ತದೋ, ಬಡ್ಡಿಗೇ ಹೋಗ್ತದೋ?

ಎಲ್ಲಾ ಒಂದು ಹಳೇ ಪಟ್ಟಿ ಹಿಂದ ಬರ್ದು
ಕಿಸೇದಾಗ ಇಟ್ಕೊಂಡೆ.
ದೊಡ್ಡದೊಂದು ಮಾತ್ರ ಬರೀಲಿಲ್ಲ:
ಮಂದಿ ನೋಡಿದ್ರ?

ಅದಕ್ಕೇ ಅಪ್ಪನ ಕೆರಿಗೆ ನಾಲ್ಕೂವರಿಗೆ ಹೋದೆ.
ಬ್ಯಾಸಗಿ. ದಂಡಿ ಕಲ್ಲು
ನಿನ್ನಿ ಬಿಸಿಲು ಇನ್ನೂ ಬಿಟ್ಟಿದ್ದಿಲ್ಲ.
ಕಿವಿಗೆ ವೈರು ಸಿಗಿಸ್ಕೊಂಡ ಹುಡುಗಿಯೊಬ್ಬಳು
ನನ್ನ ಬಾಜೂಕ ಮೂರು ಸಲ ಓಡಿ ಹೋದಳು.
ಮೂರು ಸಲನೂ ನಾ
ಬೂಟಿನ ಲೇಸು ಕಟ್ಟೋರಂಗ ಬಗ್ಗಿದೆ.
ನಾಲ್ಕನೇ ಸಲಕ್ಕ ಲೇಸು ಖರೇನೇ ಬಿಚ್ಚಿತ್ತು.
ಆ ದಿನ ಒಟ್ಟು ಮೂರು ಲೈಟಿನ ಕಂಬ.

ಮರುದಿನ ತೊಡಿ ಎರಡೂ ಯಾರವೋ ಆಗಿದ್ದವು.
ಕೂಡಲಾಕ ಗೋಡಿ, ಏಳಲಾಕ ಗೋಡಿ.
ಸುಗಲಾಬಾಯಿ ಕುಸುಬಿ ಎಣ್ಣಿ ಬಿಸಿ ಮಾಡಿ ತಿಕ್ಕಿದಳು.
"ಇದು ಒಳ್ಳೇ ನೋವೋ, ಕೆಟ್ಟ ನೋವೋ?"
ಅದು ನನ್ನ ಪಟ್ಟಿದಾಗ ಇದ್ದಿದ್ದೇ ಇಲ್ಲ.

ಗಂಜಿನ್ಯಾಗ ನಾ ಕುಂಟೋದು ನೋಡಿ
ಹಮಾಲ ಲಾಡ್ಲೇಸಾಬ ಚೀಲದ ಬುಡಕಿಂದಲೇ ನಕ್ಕ:
"ಬರೇ ಕೈಲೆ ನಡುದು ಸುಸ್ತಾದ್ರೇನು ಮುನೀಮ್ರೇ?
ಒಂದು ಚೀಲ ಕೊಡ್ಲೇನು, ಜೋಡಿಗಿರ್ಲಿ?"
ಗಂಜ್ ಅನ್ನೋ ಗಂಜೇ ನಕ್ಕಿತು.
ಮಂದಿ ನೋಡಿದ್ರು. ನೋಡಿದ್ದಾತು.
ಮತ್ತ ತಮ್ಮ ತಮ್ಮ ತೂಕಕ್ಕ ಹೋದ್ರು.

ಚೀಲ ಇಳಿಸಿ ಬಂದು ಗಾದಿ ದಂಡಿಗೆ ಕುಂತ.
"ಮಾತಾಡ್ಕೋಂತ ನಡೀರಿ.
ಮಾತು ತುಂಡಾದ್ರ ಕಾಲು ಸಾವಕಾಶ ಮಾಡ್ರಿ.
ಹಾಡೇ ಬರ್ಲಕತ್ತಿದ್ರ
ನೀವು ನಡೀಲಕತ್ತಿಲ್ಲ, ತಿರಗ್ಲಕತ್ತೀರಿ.
ನೋವು ಎರಡೂ ತೊಡಿಗೆ ಸಮ ಇತ್ತಂದ್ರ
ಎರಡು ಮೂರು ದಿನಕ್ಕ ಹೋಗ್ತದ.
ಒಂದೇ ಕಡಿ ಚುಚ್ಚಿದ್ರ ನಿಂದರ್ರಿ.
ನಿಂತ್ರ ನಿಮ್ಮ ಪಗಾರ ಯಾರೂ ಹಿಡಿಯಾಂಗಿಲ್ಲ."

ಹಂಗಂದು ತನ್ನ ಬಲ ಮೊಣಕಾಲು ಒತ್ಕೊಂಡ.
ಅದು ಯಾವಾಗಿಂದ ಬಾತಿತ್ತೋ.
ಇಪ್ಪತ್ತು ವರ್ಷ ಅವನ ಚೀಲ ಎಣಿಸೀನಿ,
ಚೀಲ ಅಷ್ಟೇ.

ಇವತ್ತಿಗೆ ಹತ್ತೊಂಬತ್ತು ದಿನ.
ಮಂಗಳವಾರ ಎದ್ದಿಲ್ಲ. ಬುಧವಾರ ಹೋದೆ,
ಕೆರಿ ಯಾಕ ಬರ್ಲಿಲ್ಲಂತ ಕೇಳಲಿಲ್ಲ.
ಈಗ ಪೂರಾ ಒಂದು ಸುತ್ತು, ನಡುವ ಒಂದು ಸಲ ಕೂಡ್ತೀನಿ.
ಬೆಳಕಾದ ಮ್ಯಾಲೇ ಹೋಗ್ತೀನಿ.
ಆ ಹುಡುಗಿ ಕೈ ಎತ್ತತಾಳ, ನಾನೂ ಎತ್ತತೀನಿ.

ಐತವಾರ ಲಾಡ್ಲೇಸಾಬನ್ನ ಅದೇ ದವಾಖಾನಿಗೆ ಕರ್ಕೊಂಡು ಹೋದೆ.
ನನಗ ನಡೀರಿ ಅಂದವನ ಪೆನ್ನು
ಅವನ ಚೀಟಿಗೆ ಹದಿನೈದು ದಿನ ಪೂರಾ ರೆಸ್ಟು ಬರೀತು.
"ಹದಿನೈದು ದಿನ," ಮೆಟ್ಟಲು ಇಳ್ಕೋಂತ ಕೇಳಿದ,
"ಯಾರ ಖಾತೆಕ್ಕ ಹಾಕ್ತೀರಿ ಮುನೀಮ್ರೇ?"

ಕಿಸೇದಿಂದ ಪಟ್ಟಿ ತೆಗೆದೆ.
ಹಿಂದ ಜಾಗ ಉಳಿದಿದ್ದಿಲ್ಲ.
ತಿರಗಿಸಿದೆ.
ಮುಂದ ಪೂರಾ
ಅವನು ಹೊತ್ತ ಚೀಲದ್ದೇ ಲೆಕ್ಕ.